ಸೆಟ್ಟಿಂಗ್ಸ್ ಹಾಳೆ: 9ನೇ ತರಗತಿಯ ಯಂತ್ರಕಲಿಕೆ ಚಟುವಟಿಕೆಯ ಒಂದು ಅನುಭವ

ಅಭ್ಯಾಸ ಬೋಧನೆಯ ಅವಧಿಯಲ್ಲಿ ಪಾಠಗಳ ಜೊತೆಗೆ ವಿಜ್ಞಾನ ಸಂಘದ ಒಂದು ಚಟುವಟಿಕೆಯನ್ನೂ ನಡೆಸಬೇಕೆಂಬುದು ನಮ್ಮ ಕಾಲೇಜಿನ ನಿಯಮ. ನನ್ನ ಗೆಳತಿಯರು ಎಲೆಗಳ ಸಂಗ್ರಹ, ಮಣ್ಣಿನ ಪರೀಕ್ಷೆ, ಸೂಜಿರಂಧ್ರ ಕ್ಯಾಮೆರಾ ಮುಂತಾದವನ್ನು ಆರಿಸಿಕೊಂಡರು. ನಾನು ಆರಿಸಿಕೊಂಡದ್ದು ಕೈಬರಹದ ಕನ್ನಡ ಅಂಕಿಗಳನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸುವ ಕೆಲಸ. ಬಿ.ಎಸ್ಸಿ. ಮುಗಿದ ಮೇಲೆ ಬಿ.ಇಡಿ.ಗೆ ಸೇರುವ ಮೊದಲು ಎರಡು ವರ್ಷ ಬೆಂಗಳೂರಿನ ಒಂದು ಸಣ್ಣ ಕಂಪನಿಯಲ್ಲಿ ಇಂಥದೇ ಕೆಲಸ ಮಾಡಿದ್ದರಿಂದ ಈ ಧೈರ್ಯ ಬಂದಿತ್ತು. ಸಿಬಿಎಸ್‌ಇ ಶಾಲೆಗಳಲ್ಲಿ 2019ರಿಂದ 9ನೇ ತರಗತಿಗೆ ಕೃತಕ ಬುದ್ಧಿಮತ್ತೆ ಒಂದು ಐಚ್ಛಿಕ ವಿಷಯವಾಗಿದೆ; ನಮ್ಮ ಸರ್ಕಾರಿ ಪ್ರೌಢಶಾಲೆಯ ಮಕ್ಕಳು ಅದನ್ನು ಮುಟ್ಟಿ ನೋಡಲಿ ಎಂಬ ಆಸೆಯೂ ಇತ್ತು.

ಇಡೀ ಚಟುವಟಿಕೆಯ ವರದಿಯನ್ನು ಕಾಲೇಜಿಗೆ ಒಪ್ಪಿಸಿದ್ದೇನೆ. ಇಲ್ಲಿ ಅದರ ಒಂದು ಚಿಕ್ಕ ಭಾಗದ ಬಗ್ಗೆ ಮಾತ್ರ ಬರೆಯುತ್ತೇನೆ. ಪ್ರೋಗ್ರಾಮಿನೊಳಗೆ ನಾವು ಕೈಯಾರೆ ಇಡುವ ಸಂಖ್ಯೆಗಳನ್ನು ಎಲ್ಲಿ ಇಡಬೇಕು, ಹೇಗೆ ಕಾಯಬೇಕು ಎಂಬ ಪ್ರಶ್ನೆ ಅದು. ಉದ್ಯಮದಲ್ಲಿ ಇದನ್ನು ಕಾನ್ಫಿಗರೇಶನ್ ನಿರ್ವಹಣೆ ಎನ್ನುತ್ತಾರೆ. ಹೆಸರು ಕೇಳಿದರೆ ಗುಮಾಸ್ತಿಕೆ ಅನ್ನಿಸುತ್ತದೆ. ನನಗೂ ಕಂಪನಿಯಲ್ಲಿದ್ದಾಗ ಹಾಗೇ ಅನ್ನಿಸುತ್ತಿತ್ತು. ಆದರೆ ಆ ಆರು ವಾರಗಳ ಚಟುವಟಿಕೆಯಲ್ಲಿ ಮಕ್ಕಳು ನಿಜವಾಗಿ ಜಗಳವಾಡಿದ್ದು, ಯೋಚಿಸಿದ್ದು ಇದರ ಸುತ್ತಲೇ.

ಬಳಸಿದ ದತ್ತಾಂಶದ ಬಗ್ಗೆ ಮೊದಲು ಒಂದು ಮಾತು. ವಿನಯ್ ಪ್ರಭು ಅವರು 2019ರಲ್ಲಿ ಕನ್ನಡ-ಎಂನಿಸ್ಟ್ ಎಂಬ ಚಿತ್ರಸಂಗ್ರಹವನ್ನು ಎಲ್ಲರ ಉಪಯೋಗಕ್ಕೆ ಬಿಡುಗಡೆ ಮಾಡಿದರು. ಬೆಂಗಳೂರಿನ ಸ್ವಯಂಸೇವಕರು ಕೈಯಲ್ಲಿ ಬರೆದ ೦ಯಿಂದ ೯ರವರೆಗಿನ ಅಂಕಿಗಳು ಅದರಲ್ಲಿವೆ. ಕಲಿಕೆಗೆ 60,000 ಮತ್ತು ಪರೀಕ್ಷೆಗೆ 10,000 ಚಿತ್ರಗಳು. ಪ್ರತಿ ಚಿತ್ರವೂ ಉದ್ದಗಲ 28 ಚುಕ್ಕೆಗಳದ್ದು. ಪೆನ್‌ಡ್ರೈವಿನಲ್ಲಿ ತಂದರೆ ಇಂಟರ್‌ನೆಟ್ಟಿನ ಹಂಗಿಲ್ಲ. ಶಾಲೆಯಲ್ಲಿ ಓಡುವ ಸ್ಥಿತಿಯಲ್ಲಿದ್ದ ಆರು ಕಂಪ್ಯೂಟರುಗಳಿಗೆ ಎಲ್ಲ ಚಿತ್ರಗಳೂ ಭಾರವೇ, ಹಾಗಾಗಿ ಕಲಿಕೆಗೆ ಎರಡು ಸಾವಿರ ಚಿತ್ರ ಸಾಕೆಂದುಕೊಂಡೆವು. ವಿಧಾನ ‘ರ‍್ಯಾಂಡಮ್ ಫಾರೆಸ್ಟ್’. ಮಕ್ಕಳ ಭಾಷೆಯಲ್ಲಿ ಮರಗಳ ಪಂಚಾಯ್ತಿ: ಒಂದೊಂದು ಮರವೂ ಚಿತ್ರವನ್ನು ನೋಡಿ ‘ಇದು ೩’, ‘ಇದು ೭’ ಎಂದು ಮತ ಹಾಕುತ್ತದೆ, ಹೆಚ್ಚು ಮತ ಬಿದ್ದ ಅಂಕಿ ಉತ್ತರವಾಗುತ್ತದೆ. ೩ ಮತ್ತು ೭, ೬ ಮತ್ತು ೯ ಗೊಂದಲಕ್ಕೀಡಾಗುವುದನ್ನು ಕಂಡು ಮಕ್ಕಳಿಗೆ ಖುಷಿಯೋ ಖುಷಿ. ಅವರ ನೋಟ್‌ಬುಕ್ಕಿನಲ್ಲಿ ನಾನು ತಪ್ಪು ಹಾಕುತ್ತಿದ್ದದ್ದೂ ಅವಕ್ಕೇ.

ಇಲ್ಲಿ ಎರಡು ಬಗೆಯ ಸಂಖ್ಯೆಗಳಿವೆ. ಯಾವ ಚುಕ್ಕೆಯನ್ನು ನೋಡಬೇಕು, ಅದು ಎಷ್ಟು ಕಪ್ಪಾಗಿದ್ದರೆ ಎಡಕ್ಕೆ ಹೋಗಬೇಕು, ಎಷ್ಟಾದರೆ ಬಲಕ್ಕೆ ಎಂಬುದನ್ನು ಮರಗಳು ಚಿತ್ರಗಳಿಂದ ತಾವೇ ಕಲಿಯುತ್ತವೆ. ಎಷ್ಟು ಮರ ಬೇಕು, ಮರ ಎಷ್ಟು ಆಳಕ್ಕೆ ಬೆಳೆಯಬಹುದು, ಎಷ್ಟು ಚಿತ್ರ ತೋರಿಸಬೇಕು ಎಂಬುದನ್ನು ನಾವು ಹೇಳಬೇಕು. ಈ ಎರಡನೆಯ ಬಗೆಗೆ ಹೈಪರ್‌ಪ್ಯಾರಾಮೀಟರ್ ಎಂದು ಹೆಸರು. ಪೀರಿಯಡ್ಡಿಗೆ 40 ನಿಮಿಷ, ಬೆಂಚಿಗೆ ನಾಲ್ವರು ಎಂಬುದು ನಾವು ಇಡುವ ಲೆಕ್ಕ. ಮಗು ತಲೆಯಲ್ಲಿ ಕಟ್ಟಿಕೊಳ್ಳುವುದು ಬೇರೆಯೇ ಲೆಕ್ಕ. ಹೀಗೆ ಹೇಳಿದಾಗ ತರಗತಿಗೆ ತಕ್ಷಣ ಅರ್ಥವಾಯಿತು.

ಮೊದಲ ದಿನದ ಚಟುವಟಿಕೆಯನ್ನು ವಿಸಂಗತ ಘಟನೆಯಾಗಿ ಯೋಜಿಸಿದ್ದೆ. ಆರು ಕಂಪ್ಯೂಟರುಗಳಲ್ಲಿ ಎರಡರಲ್ಲಿ ಹಿಂದೆ ಯಾರೋ ಹಾಕಿಟ್ಟಿದ್ದ ಹಳೆಯ ಸೈಕಿಟ್-ಲರ್ನ್ ಲೈಬ್ರರಿ ಇತ್ತು, ಉಳಿದವುಗಳಲ್ಲಿ ನಾನು ಹೊಸದನ್ನು ಹಾಕಿದ್ದೆ. ಎಲ್ಲದರಲ್ಲೂ ಒಂದೇ ಪ್ರೋಗ್ರಾಮ್, ಒಂದೇ ಚಿತ್ರಗಳು. ಮರಗಳ ಸಂಖ್ಯೆಯನ್ನು ಮಾತ್ರ ಬೇಕೆಂದೇ ಬರೆಯದೆ ಬಿಟ್ಟೆ. ಓಡಿಸಿದಾಗ ಆ ಎರಡು ಕಂಪ್ಯೂಟರುಗಳ ಅಂಕ ಕಣ್ಣಿಗೆ ಕಾಣುವಷ್ಟು ಕಡಿಮೆ ಬಂತು. ‘ಹಳೇ ಕಂಪ್ಯೂಟರ್ ದಡ್ಡ ಮಿಸ್’ ಎಂಬುದು ಮೊದಲ ಪ್ರಾಕ್ಕಲ್ಪನೆ. ಕಂಪ್ಯೂಟರ್ ನಿಧಾನ ಎಂದರೆ ಉತ್ತರ ತಡವಾಗಬೇಕು, ತಪ್ಪಾಗುವುದೇಕೆ ಎಂದು ಇನ್ನೊಬ್ಬ ಹುಡುಗ ಕೇಳಿದ. ಅಲ್ಲಿಂದ ಮುಂದಕ್ಕೆ ನಾನು ಹೆಚ್ಚು ಮಾತನಾಡಬೇಕಾಗಲಿಲ್ಲ.

ಕಾರಣ ಇಷ್ಟೇ. ಮರಗಳ ಸಂಖ್ಯೆಯನ್ನು ನಾವು ಹೇಳದಿದ್ದರೆ ಲೈಬ್ರರಿ ತನ್ನ ರೂಢಿಯ ಸಂಖ್ಯೆಯನ್ನು ಹಾಕಿಕೊಳ್ಳುತ್ತದೆ. ಆ ರೂಢಿ ಮೊದಲು 10 ಇತ್ತು. 2019ರ ಕೊನೆಯಲ್ಲಿ ಬಂದ 0.22 ಆವೃತ್ತಿಯಿಂದ ಅದು 100 ಆಯಿತು. ಅದಕ್ಕೂ ಮೊದಲಿನ ಎರಡು ಆವೃತ್ತಿಗಳಲ್ಲಿ ‘ಮುಂದೆ ಬದಲಾಗಲಿದೆ’ ಎಂಬ ಎಚ್ಚರಿಕೆ ತೆರೆಯ ಮೇಲೆ ಬರುತ್ತಿತ್ತು. ಅಂಥ ಎಚ್ಚರಿಕೆಗಳನ್ನು ಬಸ್ಸಿನೊಳಗಿನ ‘ಕೈ, ತಲೆ ಹೊರಗೆ ಹಾಕಬೇಡಿ’ ಎಂಬ ಬರಹದಷ್ಟೇ ಗಮನವಿಟ್ಟು ಓದುತ್ತಾರೆ. ಪ್ರೋಗ್ರಾಮಿನ ಒಂದಕ್ಷರವನ್ನೂ ಮುಟ್ಟದೆ ಫಲಿತಾಂಶ ಬದಲಾಗಬಹುದು, ಏಕೆಂದರೆ ನಾವು ಬರೆಯದೆ ಬಿಟ್ಟದ್ದೂ ಒಂದು ಆಯ್ಕೆಯೇ. ಇದು ಅವತ್ತಿನ ಕಲಿಕಾಂಶ. ನಾನು ಕಪ್ಪುಹಲಗೆಯ ಮೇಲೆ ಬರೆಯುವ ಮೊದಲೇ ಮಕ್ಕಳು ‘ಎಲ್ಲಾನೂ ಬರೆದಿಟ್ಕೊಬೇಕು’ ಎಂದುಬಿಟ್ಟರು.

ಎಲ್ಲವನ್ನೂ ಎಂದರೆ ಯಾವುದನ್ನು? ಎರಡನೆಯ ತರಗತಿ ಪೂರ್ತಿ ಇದಕ್ಕೇ ಹೋಯಿತು, ಮತ್ತು ಇಡೀ ಚಟುವಟಿಕೆಯಲ್ಲಿ ನನಗೆ ಅತ್ಯಂತ ಇಷ್ಟವಾದ ತರಗತಿ ಇದೇ. ಪ್ರೋಗ್ರಾಮಿನ ಮುದ್ರಿತ ಪ್ರತಿಯನ್ನು ಗುಂಪಿಗೊಂದರಂತೆ ಕೊಟ್ಟು, ಅದರಲ್ಲಿರುವ ಪ್ರತಿಯೊಂದು ಸಂಖ್ಯೆಗೂ ವೃತ್ತ ಹಾಕಲು ಹೇಳಿದೆ. 28, 784, 255, 10, 2000, 500, ಮತ್ತೆ 10, 8, 1956. ನಂತರದ ಪ್ರಶ್ನೆ: ಇವುಗಳಲ್ಲಿ ಯಾವುದನ್ನು ನಾವು ನಮ್ಮಿಷ್ಟಕ್ಕೆ ಬದಲಿಸಬಹುದು? 28 ಚಿತ್ರದ ಅಳತೆ, 784 ಅದರ ವರ್ಗ, 255 ಚುಕ್ಕೆಯ ಗರಿಷ್ಠ ಬೆಲೆ. ಇವು ದತ್ತಾಂಶದ ಗುಣಗಳು, ಬದಲಿಸಿದರೆ ಸುಳ್ಳಾಗುತ್ತವೆ. 2000 ಮತ್ತು 500 ನಮ್ಮ ಆಯ್ಕೆ. ಜಗಳ ಹುಟ್ಟಿದ್ದು ಎರಡು 10ಗಳ ಮೇಲೆ. ಒಂದು ಅಂಕಿಗಳ ಒಟ್ಟು ಸಂಖ್ಯೆ, ಇನ್ನೊಂದು ಮರಗಳ ಸಂಖ್ಯೆ. ಒಂದು ಗುಂಪಿನವರು ‘ಮರ ಐವತ್ತು ಮಾಡೋಣ’ ಎಂದು ಎರಡು ಕಡೆಯೂ 50 ಎಂದು ಬದಲಿಸಿದರು. ಪ್ರೋಗ್ರಾಮ್ ನಿಲ್ಲಲಿಲ್ಲ, ದೂರಲೂ ಇಲ್ಲ. ಯಾವ ಅಂಕಿಯನ್ನು ಯಾವುದೆಂದು ತಪ್ಪು ತಿಳಿಯಿತು ಎಂದು ತೋರಿಸುವ ಕೋಷ್ಟಕ ಮಾತ್ರ ಹತ್ತು ಸಾಲಿನ ಬದಲು ಐವತ್ತು ಸಾಲಿನದಾಗಿ ಬಂತು. ಕೊನೆಯ ನಲವತ್ತು ಸಾಲು ಬರೀ ಸೊನ್ನೆ. ತರಗತಿ ನಕ್ಕು ನಕ್ಕು ಸುಸ್ತಾಯಿತು. ಸಂಖ್ಯೆಗೆ ಹೆಸರಿಡಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಬೋಧನೋಪಕರಣವೂ ಕಲಿಸಲಾರದು. ಗಣಿತದಲ್ಲಿ ಚರಾಕ್ಷರ ಮತ್ತು ಸ್ಥಿರಾಂಕಗಳ ವ್ಯತ್ಯಾಸ ಹೇಳಲು ನಾವು ಪಡುವ ಪಾಡನ್ನು ನೆನೆಸಿಕೊಳ್ಳಿ.

ಹೀಗೆ ಬದಲಿಸಬಹುದಾದವುಗಳನ್ನೆಲ್ಲ ಪ್ರೋಗ್ರಾಮಿನಿಂದ ಹೊರತೆಗೆದು ಬೇರೊಂದು ಫೈಲಿಗೆ ಹಾಕಿದೆವು. ಮಕ್ಕಳು ಅದಕ್ಕೆ ‘ಸೆಟ್ಟಿಂಗ್ಸ್ ಹಾಳೆ’ ಎಂದು ಹೆಸರಿಟ್ಟರು. ಏಳು ಸಾಲುಗಳನ್ನು ಓಡಿಸುವ ಮೊದಲು ಗುಂಪಿನವರು ತುಂಬಬೇಕು: ದಿನಾಂಕ, ಲೈಬ್ರರಿಯ ಆವೃತ್ತಿ, ಮರಗಳ ಸಂಖ್ಯೆ, ಗರಿಷ್ಠ ಆಳ, ಕಲಿಕೆಯ ಚಿತ್ರಗಳು, ಪರೀಕ್ಷೆಯ ಚಿತ್ರಗಳು, ಬೀಜ. ಎಂಟನೆಯದು ‘ಏಕೆ ಬದಲಿಸಿದಿರಿ’. ಒಂಬತ್ತನೆಯದು ಬಂದ ಅಂಕ. ಅದನ್ನು ಮಕ್ಕಳಲ್ಲ, ಪ್ರೋಗ್ರಾಮೇ ತುಂಬುತ್ತದೆ. ಪ್ರತಿ ಸಲ ಓಡಿದಾಗಲೂ ಹಾಳೆಯ ಒಂದು ನಕಲು ದಿನಾಂಕ, ಗಂಟೆ, ನಿಮಿಷದ ಹೆಸರಿನ ಫೋಲ್ಡರಿಗೆ ಫಲಿತಾಂಶದ ಜೊತೆಗೇ ಹೋಗಿ ಕೂರುತ್ತದೆ. ಇನ್ನೊಂದು ಕಟ್ಟುನಿಟ್ಟು: ಯಾವುದಾದರೂ ಸಾಲು ಇಲ್ಲದಿದ್ದರೆ ಅಥವಾ ಗೊತ್ತಿಲ್ಲದ ಹೆಸರಿನ ಸಾಲು ಇದ್ದರೆ ಪ್ರೋಗ್ರಾಮ್ ನಿಲ್ಲಬೇಕು. ಕಾಗುಣಿತ ತಪ್ಪಿದಾಗ ತಾನೇ ಏನನ್ನೋ ಊಹಿಸಿಕೊಂಡು ಮುಂದುವರಿಯುವ ಪ್ರೋಗ್ರಾಮ್ ಬಹಳ ಉಪಕಾರಿಯಂತೆ ಕಾಣುತ್ತದೆ, ಆದರೆ ಅಂಥ ಉಪಕಾರದಿಂದಲೇ ಕೆಡುಕು.

ಫೈಲಿನ ಸಾಲುಗಳ ಹೆಸರನ್ನು ಕನ್ನಡದಲ್ಲೇ ಇಟ್ಟೆವು. ಜೇಸನ್ ಮಾದರಿಯ ಫೈಲಿನಲ್ಲಿ ಇದಕ್ಕೆ ಯಾವ ಅಡ್ಡಿಯೂ ಇಲ್ಲ. ಪೈಥಾನ್ ಅದನ್ನು ಬರೆಯುವಾಗ ಮಾತ್ರ ಕನ್ನಡ ಅಕ್ಷರಗಳನ್ನು ರೂಢಿಯಂತೆ ಸಂಕೇತಗಳಾಗಿ ಬದಲಿಸಿಬಿಡುತ್ತದೆ; ಹಾಗೆ ಮಾಡಬೇಡ ಎಂದು ಒಂದು ಮಾತು ಹೇಳಬೇಕು, ವಿಂಡೋಸ್‌ನಲ್ಲಿ ಫೈಲನ್ನು ಯುಟಿಎಫ್-8 ಎಂದು ಹೇಳಿಯೇ ತೆರೆಯಬೇಕು. ಒಬ್ಬ ಹುಡುಗ ಇನ್ನೂ ಮುಂದೆ ಹೋಗಿ ಮರಗಳ ಸಂಖ್ಯೆಯನ್ನೂ ಕನ್ನಡ ಅಂಕಿಯಲ್ಲಿ ೧೦೦ ಎಂದು ಬರೆದ. ಜೇಸನ್ ಒಪ್ಪಲಿಲ್ಲ. ಅದನ್ನೇ ಉದ್ಧರಣ ಚಿಹ್ನೆಯೊಳಗೆ ಪಠ್ಯವಾಗಿ ಕೊಟ್ಟು, ಸಂಖ್ಯೆಯಾಗಿ ಪರಿವರ್ತಿಸು ಎಂದರೆ ಪೈಥಾನ್ ಏನೂ ತಕರಾರಿಲ್ಲದೆ ನೂರು ಎಂದು ಓದುತ್ತದೆ. ಕನ್ನಡ ಅಂಕಿಯನ್ನು ಗುರುತಿಸಲು ನಾವು ಇಷ್ಟೆಲ್ಲ ಕಾಡು ಬೆಳೆಸುತ್ತಿರುವಾಗ ಪೈಥಾನಿಗೆ ಅದು ಮೊದಲೇ ಗೊತ್ತಿತ್ತಾ ಎಂದು ಅವನು ಸಿಟ್ಟಾದ. ಅಕ್ಷರದ ಸಂಕೇತವನ್ನು ಓದುವುದು ಬೇರೆ, ಚಿತ್ರವನ್ನು ಓದುವುದು ಬೇರೆ ಎಂದು ವಿವರಿಸಲು ಹತ್ತು ನಿಮಿಷ ಹಿಡಿಯಿತು. ಯಾಮಲ್ ಎಂಬ ಇನ್ನೊಂದು ಮಾದರಿಯೂ ಇದೆ. ಅದರಲ್ಲಿ ಟಿಪ್ಪಣಿ ಬರೆಯಬಹುದು, ನೋಡಲೂ ಸರಳ. ಆದರೆ ಪೈಥಾನಿನಲ್ಲಿ ಅದನ್ನು ಓದುವ ಜನಪ್ರಿಯ ಲೈಬ್ರರಿಯಲ್ಲಿ ಇಂಗ್ಲಿಷಿನ ‘ನೋ’ ಎಂಬ ಪದ ‘ಸುಳ್ಳು’ ಎಂಬ ತಾರ್ಕಿಕ ಬೆಲೆಯಾಗಿಬಿಡುತ್ತದೆ. ಇಂಥ ಜಾಣತನಗಳನ್ನು 9ನೇ ತರಗತಿಗೆ ತರುವುದು ಬೇಡವೆಂದು ಬಿಟ್ಟೆ.

ಬೀಜದ ವಿಷಯ ಬಿಡುವಂತಿಲ್ಲ. ಮರಗಳು ಬೆಳೆಯುವಾಗ ಯಾದೃಚ್ಛಿಕ ಆಯ್ಕೆಗಳಿರುತ್ತವೆ. ಬೀಜಸಂಖ್ಯೆಯನ್ನು ಹೇಳಿಕೊಟ್ಟರೆ ಆ ಆಯ್ಕೆಗಳು ಪ್ರತಿ ಸಲವೂ ಅದೇ ಕ್ರಮದಲ್ಲಿ ಬರುತ್ತವೆ. ಮಾದರಿ ಪ್ರೋಗ್ರಾಮಿನಲ್ಲಿ ನಾನು ರಾಜ್ಯ ರೂಪುಗೊಂಡ 1956ನ್ನು ಇಟ್ಟಿದ್ದೆ. ಮಕ್ಕಳು ತಮ್ಮ ಊರಿನ ಬಸ್ಸಿನ ನಂಬರು, ಹುಟ್ಟಿದ ತಾರೀಕು ಎಲ್ಲ ಹಾಕಿದರು. ಬೀಜ ಬದಲಾದರೆ ಅಂಕವೂ ಸ್ವಲ್ಪ ಬದಲಾಗುತ್ತದೆ ಎಂದು ಗೊತ್ತಾದ ಕ್ಷಣದಿಂದ ‘ಅದೃಷ್ಟದ ಬೀಜ’ ಹುಡುಕುವ ಪೈಪೋಟಿ ಶುರುವಾಯಿತು. ದೊಡ್ಡ ಸಂಶೋಧಕರ ಮೇಲೂ ಈ ಆಕ್ಷೇಪಣೆ ಬಂದದ್ದಿದೆ: ಬೀಜ ಒಂದನ್ನು ಬಿಟ್ಟು ಉಳಿದೆಲ್ಲ ಒಂದೇ ಇದ್ದರೂ ಫಲಿತಾಂಶಗಳು ಬೇರೆ ಬೇರೆ ಬರುವುದನ್ನು ಕೆಲವರು ಪ್ರಯೋಗ ಮಾಡಿ ತೋರಿಸಿದ್ದಾರೆ. ಐದು ಬೀಜಗಳಿಂದ ಓಡಿಸಿ, ಐದೂ ಅಂಕಗಳನ್ನು ಬರೆಯುವುದು ಎಂದು ನಿಯಮ ಮಾಡಿದ ಮೇಲೆ ಪೈಪೋಟಿ ತಣ್ಣಗಾಯಿತು.

ಇನ್ನೊಂದು ನಿಯಮಕ್ಕೆ ನಮ್ಮ ಎಸ್‌ಎಸ್‌ಎಲ್‌ಸಿ ಪದ್ಧತಿಯೇ ಉದಾಹರಣೆ ಒದಗಿಸಿತು. ಸೆಟ್ಟಿಂಗ್ಸ್ ಬದಲಿಸುವುದು, ಅದೇ 500 ಚಿತ್ರಗಳಿಂದ ಪರೀಕ್ಷಿಸುವುದು, ಅಂಕ ಏರುವವರೆಗೆ ಮತ್ತೆ ಬದಲಿಸುವುದು. ಇಲ್ಲಿ ಯಂತ್ರ ಆ ಚಿತ್ರಗಳನ್ನು ನೋಡಿಲ್ಲ, ಆದರೆ ಸೆಟ್ಟಿಂಗ್ಸ್ ಆರಿಸುವ ನಾವು ನೋಡಿದ್ದೇವೆ. ಹಾಗಾದರೆ ಆ 500 ಪೂರ್ವಸಿದ್ಧತಾ ಪರೀಕ್ಷೆ ಎಂದು ತರಗತಿಯೇ ತೀರ್ಮಾನಿಸಿತು. ವಾರ್ಷಿಕ ಪರೀಕ್ಷೆಗೆ ಬೇರೆ ಒಂದು ಸಾವಿರ ಚಿತ್ರಗಳು ನನ್ನ ಪೆನ್‌ಡ್ರೈವಿನಲ್ಲೇ ಉಳಿದವು, ಖಜಾನೆಯಲ್ಲಿಟ್ಟ ಪ್ರಶ್ನೆಪತ್ರಿಕೆಯ ಹಾಗೆ.

ಇಷ್ಟು ಹಟ ನನಗೇಕೆ ಎಂಬುದಕ್ಕೆ ಕಂಪನಿಯ ಒಂದು ಪ್ರಸಂಗ ಹೇಳಬೇಕು. ಅಲ್ಲಿ ಒಬ್ಬ ಸಹೋದ್ಯೋಗಿ ತಯಾರಿಸಿದ ಮಾದರಿಯ ಅಂಕವನ್ನು ಗ್ರಾಹಕರಿಗೆ ತೋರಿಸಿ ಒಪ್ಪಂದ ಆಗಿತ್ತು. ಅವರು ಕೆಲಸ ಬಿಟ್ಟು ಹೋದ ಮೇಲೆ ಅದೇ ಅಂಕವನ್ನು ಮತ್ತೆ ಬರಿಸಲು ನಮಗೆ ಹೇಳಿದರು. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ಹೊಸದು ಎರಡು’ ಎಂಬ ಹೆಸರಿನ ಫೈಲುಗಳಿದ್ದವು, ಒಂದೊಂದರಲ್ಲೂ ಸಂಖ್ಯೆಗಳು ಬೇರೆ ಬೇರೆ. ಆ ಅಂಕ ಯಾವುದರಿಂದ ಬಂತೆಂದು ಯಾರಿಗೂ ಗೊತ್ತಿರಲಿಲ್ಲ. ಅವರು ಸುಳ್ಳು ಹೇಳಿದ್ದರು ಎಂದು ನಾನು ಈಗಲೂ ನಂಬುವುದಿಲ್ಲ. ಆದರೆ ನಿಜ ಹೇಳಿದ್ದರು ಎಂದು ಸಾಬೀತು ಮಾಡಲೂ ದಾರಿ ಇರಲಿಲ್ಲ. ಇದು ಸಣ್ಣ ಕಂಪನಿಯ ಪಾಡು ಮಾತ್ರ ಅಲ್ಲ. ಗೂಗಲ್‌ನ ಡಿ. ಸ್ಕಲ್ಲಿ ಮತ್ತು ಸಂಗಡಿಗರು 2015ರಲ್ಲಿ ಯಂತ್ರಕಲಿಕಾ ವ್ಯವಸ್ಥೆಗಳ ಗುಪ್ತ ಸಾಲದ ಬಗ್ಗೆ ಬರೆದ ಪ್ರಬಂಧದಲ್ಲಿ ಕಾನ್ಫಿಗರೇಶನ್ನಿನ ಸಾಲಕ್ಕೇ ಒಂದು ಭಾಗ ಇಟ್ಟಿದ್ದಾರೆ. ಹಳೆಯ, ದೊಡ್ಡ ವ್ಯವಸ್ಥೆಗಳಲ್ಲಿ ಸೆಟ್ಟಿಂಗ್ಸ್‌ನ ಸಾಲುಗಳು ಪ್ರೋಗ್ರಾಮಿನ ಸಾಲುಗಳನ್ನೇ ಮೀರಿಸಬಹುದು, ಆದರೂ ಅವನ್ನು ಪ್ರೋಗ್ರಾಮಿನಷ್ಟು ಜೋಪಾನವಾಗಿ ಯಾರೂ ಪರಿಶೀಲಿಸುವುದಿಲ್ಲ ಎಂಬುದು ಅವರ ದೂರು. ಹೈಡ್ರಾ, ಎಂಎಲ್‌ಫ್ಲೋ ಮುಂತಾದ ಸಲಕರಣೆಗಳು ಈ ಸಾಲ ತೀರಿಸಲೆಂದೇ ಬಂದವು. ಶಾಲೆಗೆ ಅವು ಬೇಕಿಲ್ಲ, ಒಂದು ಹಾಳೆ ಸಾಕು.

ಈಗ ನಿಜವಾದ ಪೇಚಿಗೆ ಬರುತ್ತೇನೆ. ತಾಲ್ಲೂಕು ಮಟ್ಟದ ವಿಜ್ಞಾನ ವಸ್ತು ಪ್ರದರ್ಶನ ಹತ್ತಿರ ಬಂದಿತ್ತು. ಹೆಣ್ಣುಮಕ್ಕಳ ಒಂದು ಗುಂಪಿಗೆ ಒಂದು ಮಧ್ಯಾಹ್ನ ನೂರಕ್ಕೆ ನೂರು ಬಂತು. ಶಾಲೆಯಲ್ಲೆಲ್ಲ ಸುದ್ದಿಯಾಯಿತು. ನಮ್ಮ ಮಾರ್ಗದರ್ಶಕ ಶಿಕ್ಷಕರು ಬಂದು ನೋಡಿ, ಚಾರ್ಟಿನ ಮೇಲೆ ದೊಡ್ಡದಾಗಿ ‘100%’ ಎಂದು ಬರೆಸಿ ಎಂದರು. ಹಾಳೆ ತೆರೆದು ನೋಡಿದಾಗ ‘ಪರೀಕ್ಷೆಯ ಚಿತ್ರಗಳು’ ಎಂಬಲ್ಲಿ 20 ಎಂದಿತ್ತು. ‘ಏಕೆ ಬದಲಿಸಿದಿರಿ’ ಎಂಬಲ್ಲಿ ‘ಬೇಗ ಮುಗಿಯಲಿ ಅಂತ, ಕರೆಂಟ್ ಹೋಗುವುದರಲ್ಲಿತ್ತು’ ಎಂದಿತ್ತು. ಇಪ್ಪತ್ತೇ ಚಿತ್ರಗಳಾದರೆ ಇಪ್ಪತ್ತೂ ಸರಿಯಾಗುವುದು ಅಪರೂಪವೇನಲ್ಲ. 500 ಚಿತ್ರಗಳಲ್ಲಿ ಅದೇ ಗುಂಪಿಗೆ ತೊಂಬತ್ತರ ಆಸುಪಾಸು ಬರುತ್ತಿತ್ತು.

ಮಾರ್ಗದರ್ಶಕರಿಗೆ ಇದನ್ನು ತಿಳಿಸಿದೆ. ಅವರು ಒಳ್ಳೆಯವರು, ಮಕ್ಕಳಿಗಾಗಿ ಭಾನುವಾರವೂ ಶಾಲೆಗೆ ಬಂದು ಲ್ಯಾಬಿನ ಬಾಗಿಲು ತೆಗೆಯುತ್ತಿದ್ದವರು. ‘ನೋಡೋಕೆ ಬರೋರು ಹಾಳೆ ಓದಲ್ಲಮ್ಮ, ನಂಬರ್ ಓದ್ತಾರೆ. ಕಂಪ್ಯೂಟರ್ ತೋರಿಸಿದ್ದು ನೂರು ತಾನೇ? ನಾವೇನು ಸೃಷ್ಟಿ ಮಾಡಿದ್ವಾ?’ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕುವುದು ಸುಲಭವಿರಲಿಲ್ಲ. ನೂರು ಬಂದದ್ದು ನಿಜ. ಮೇಲಾಗಿ ನಾನು ಅತಿಥಿ. ನನ್ನ ಪಾಠಗಳಿಗೆ ಅಂಕ ಹಾಕುವವರು ಅವರೇ. ಇಂಥ ಸಂದರ್ಭಗಳಲ್ಲಿ ಪ್ರಶಿಕ್ಷಣಾರ್ಥಿ ಏನು ಮಾಡಬೇಕೆಂದು ಯಾವ ಪತ್ರಿಕೆಯಲ್ಲೂ ಪಾಠವಿಲ್ಲ. ನಾನು ಮಕ್ಕಳನ್ನೇ ಕೇಳೋಣ ಎಂದೆ. ಅವರೂ ಒಪ್ಪಿದರು.

ಗುಂಪಿನಲ್ಲಿ ಮೊದಲು ಮೌನ. ನೂರನ್ನು ಬಿಟ್ಟುಕೊಡುವುದು ಅವರಿಗೆ ಬೇಡವಾಗಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಕೊನೆಗೆ ಒಬ್ಬಳು ಹೇಳಿದಳು: ‘ಮಿಸ್, ನೂರಕ್ಕೆ ನೂರು ಅಂತ ಬರೆಯೋದು ಬೇಡ. ಇಪ್ಪತ್ತರಲ್ಲಿ ಇಪ್ಪತ್ತು ಅಂತ ಬರೆದರೆ ಸುಳ್ಳಲ್ಲವಲ್ಲ?’

ಸುಳ್ಳಲ್ಲ. ನಾನು ಎರಡು ವರ್ಷ ಕಂಪನಿಯಲ್ಲಿ ಕೇಳಿದ ಯಾವ ವಿವರಣೆಗಿಂತಲೂ ಇದು ನೇರವಾಗಿತ್ತು. ಅದೇ ಫಲಿತಾಂಶ, ಅದೇ ಯಂತ್ರ. ಸೆಟ್ಟಿಂಗ್ ಪಕ್ಕದಲ್ಲಿದ್ದರೆ ನಿಜ, ಕಿತ್ತು ಹಾಕಿದರೆ ವಂಚನೆ. ಚಾರ್ಟಿನ ಮೇಲೆ ‘20ರಲ್ಲಿ 20’ ಎಂದೇ ಬರೆದರು. ಕೆಳಗೆ ಪೆನ್‌ಡ್ರೈವಿನ ಸಾವಿರ ಚಿತ್ರಗಳ ವಾರ್ಷಿಕ ಪರೀಕ್ಷೆಯ ಅಂಕ, ಪಕ್ಕದಲ್ಲಿ ಎರಡೂ ಹಾಳೆಗಳ ಪ್ರತಿ. ಮಾರ್ಗದರ್ಶಕರು ಚಾರ್ಟನ್ನು ಸ್ವಲ್ಪ ಹೊತ್ತು ನೋಡಿ, ಅಕ್ಷರ ಇನ್ನೂ ದೊಡ್ಡದಿರಲಿ ಎಂದಷ್ಟೇ ಹೇಳಿದರು. ಬಹುಮಾನ ನೀರಿನ ಶುದ್ಧೀಕರಣದ ಮಾದರಿಗೆ ಹೋಯಿತು. ನೋಡಲು ಬಂದವರಲ್ಲಿ ಹೆಚ್ಚಿನವರು, ಅವರು ಹೇಳಿದಂತೆಯೇ, ಹಾಳೆ ಓದಲಿಲ್ಲ. ಬೇರೆ ಶಾಲೆಯ ಒಬ್ಬ ಶಿಕ್ಷಕಿ ಮಾತ್ರ ಇಪ್ಪತ್ತೇ ಏಕೆ ಎಂದು ಕೇಳಿದರು. ಹುಡುಗಿಯರು ಕರೆಂಟಿನ ಕಥೆಯಿಂದ ಶುರುಮಾಡಿ ಕಾಲು ಗಂಟೆ ಬಿಡಲಿಲ್ಲ.

ಭೌತಶಾಸ್ತ್ರದ ರೆಕಾರ್ಡ್ ಪುಸ್ತಕಗಳ ಬಗ್ಗೆ ಇಲ್ಲಿ ಒಂದು ಮಾತು ಹೇಳಿದರೆ ಬೋಧಕರು ಕ್ಷಮಿಸಬೇಕು. ಲೋಲಕದ ಪ್ರಯೋಗದಲ್ಲಿ ಉತ್ತರ ಮೊದಲೇ ಗೊತ್ತು: 9.8. ದಾರದ ಉದ್ದ, ಆಂದೋಲನಗಳ ಎಣಿಕೆ, ಸೆಕೆಂಡುಗಳು ಆ ಉತ್ತರದ ಕಡೆಗೆ ಹಿಂದಕ್ಕೆ ನಡೆದು ಬರುತ್ತವೆ. ರೀಡಿಂಗ್ ಬರೆಯುವ ಅಂಕಣಗಳು ಎಷ್ಟೇ ಇದ್ದರೂ ನೋಡುವವರು ಕೊನೆಯ ಸಾಲನ್ನು ಮಾತ್ರ ನೋಡುತ್ತಾರೆಂದು ಮಗುವಿಗೆ ಗೊತ್ತಿರುತ್ತದೆ. ಕನ್ನಡ ಅಂಕಿಯ ಪ್ರಯೋಗದಲ್ಲಿ ಬರಬೇಕಾದ ಉತ್ತರ ಯಾರಿಗೂ ಗೊತ್ತಿರಲಿಲ್ಲ, ನನಗೂ. ಹಾಳೆ ನಿಜವಾಗಿ ತುಂಬಿದ್ದು ಅದಕ್ಕೇ ಇರಬೇಕು. ಅದಕ್ಕಿಂತ ಮುಖ್ಯವಾದ ಕಾರಣವೂ ಇತ್ತು: ಪಕ್ಕದ ಗುಂಪಿನವರು ನಿಮ್ಮ ಹಾಳೆಯನ್ನು ತೆಗೆದುಕೊಂಡು ಓಡಿಸಿ ನೋಡುತ್ತಾರೆ. ಒಂದೇ ಆವೃತ್ತಿಯ ಲೈಬ್ರರಿ ಇದ್ದರೆ ಅಂಕ ತಾಳೆಯಾಗಬೇಕು. ತಾಳೆಯಾಗದಿದ್ದಾಗ ಅವರು ಬಂದು ಬಾಗಿಲಲ್ಲಿ ನಿಂತು ಕೇಳುತ್ತಾರೆ, ನನ್ನ ಹಾಗೆ ಕೆಂಪು ಇಂಕಿನಲ್ಲಿ ಸರಿ ಹಾಕಿ ಹೋಗುವುದಿಲ್ಲ.

ಮುಂದಿನ ತಂಡದಲ್ಲಿ ಯಾರಾದರೂ ಇದನ್ನು ಮಾಡುವುದಾದರೆ ಎರಡು ಸಲಹೆ. ಹಾಳೆಯಲ್ಲಿ ಸಾಲುಗಳು ಕಡಿಮೆ ಇರಲಿ. ರ‍್ಯಾಂಡಮ್ ಫಾರೆಸ್ಟಿಗೆ ಇನ್ನೂ ಎಷ್ಟೋ ತಿರುಗಣೆಗಳಿವೆ, ಎಲ್ಲವನ್ನೂ ಮಕ್ಕಳ ಕೈಗೆ ಕೊಟ್ಟರೆ ಅವರು ತಿರುಗಿಸುತ್ತಲೇ ಇರುತ್ತಾರೆ. ಒಂದು ಸಲಕ್ಕೆ ಒಂದೇ ಸಾಲು ಬದಲಿಸುವ ನಿಯಮವನ್ನು ಬಿಡಬೇಡಿ. ಚರಗಳ ನಿಯಂತ್ರಣ ಎಂದು ನಾವು ಪಾಠ ಯೋಜನೆಯಲ್ಲಿ ಬರೆಯುವುದು ಇದನ್ನೇ. ‘ಏಕೆ’ ಎಂಬ ಸಾಲನ್ನು ಖಾಲಿ ಬಿಟ್ಟರೆ ಪ್ರೋಗ್ರಾಮ್ ಓಡದಂತೆ ನಾನು ಮಾಡಿದ್ದೆ. ಮೊದಲ ವಾರ ಅಲ್ಲಿ ‘ಸುಮ್ಮನೆ’ ಎಂಬ ಪದವೇ ತುಂಬಿತ್ತು. ನಾಲ್ಕನೆಯ ವಾರದ ಹೊತ್ತಿಗೆ ‘೬ ಮತ್ತು ೯ ತಪ್ಪಾಗ್ತಿದೆ, ಆಳ ಜಾಸ್ತಿ ಮಾಡಿದರೆ ಸರಿಯಾಗುತ್ತಾ ನೋಡಲು’ ಎಂಬಂಥ ಸಾಲುಗಳು ಬಂದವು. ಮೌಲ್ಯಮಾಪನಕ್ಕೆ ನನಗೆ ಬೇರೆ ಸಾಧನ ಬೇಕಾಗಲಿಲ್ಲ.

ಕೊನೆಯ ದಿನ ಫೋಲ್ಡರುಗಳನ್ನೆಲ್ಲ ಶಾಲೆಯ ಒಂದು ಕಂಪ್ಯೂಟರಿಗೆ ಸೇರಿಸುವಾಗ ಒಂದು ಗುಂಪು ತಾನಾಗಿಯೇ ಹಾಳೆಗೆ ಹತ್ತನೆಯ ಸಾಲು ಸೇರಿಸಿ, ಗೊತ್ತಿಲ್ಲದ ಸಾಲೆಂದು ಪ್ರೋಗ್ರಾಮ್ ತಿರಸ್ಕರಿಸದಂತೆ ಅದನ್ನೂ ತಿದ್ದಿದ್ದು ಕಂಡಿತು. ಸಾಲಿನ ಹೆಸರು ‘ಯಾರು ಓಡಿಸಿದ್ದು’. ಹೆಸರು ಬರೆದರೆ ತಪ್ಪಾದಾಗ ಬೈಸಿಕೊಳ್ಳಬೇಕಾಗುತ್ತದೆ, ಬೇಡ ಎಂದು ಪಕ್ಕದ ಗುಂಪಿನವರು. ಹೆಸರಿಲ್ಲದಿದ್ದರೆ ಹೋಗಿ ಯಾರನ್ನು ಕೇಳುವುದು ಎಂದು ಇವರು. ವಾದ ಮುಗಿಯುವ ಮೊದಲೇ ಕೊನೆಯ ಗಂಟೆ ಹೊಡೆಯಿತು, ಹಳ್ಳಿಯ ಬಸ್ಸಿಗೆ ಹೋಗುವವರು ಬ್ಯಾಗು ಎತ್ತಿಕೊಂಡು ಓಡಿದರು.